ಆಡು ತಿಂದ ಕೊಂಬೆ

ಕೈಲಾಂಚದ ರಸ್ತೆ ಮೇಲೆ ಮಳೆ ನೀರು ಹರೀತಿತ್ತು. ನೀರಿನ ಕೆಳಗೆ ದೊಡ್ಡ ಗುಂಡಿ ಐತೆ, ಗಾಡಿಯೋರಿಗೆ ಗೊತ್ತಾಗ್ಲಿ ಅಂತ ಯಾರೋ ಪುಣ್ಯಾತ್ಮರು ಅದ್ರಲ್ಲಿ ಹಿಪ್ಪುನೇರಳೆ ಕೊಂಬೆ ನೆಟ್ಟಿದ್ರು. ನಾನು ಎಲೆ ಅಡಿಕೆ ಹಾಕ್ಕಳೋ ಅಷ್ಟರಲ್ಲಿ ನಮ್ಮ ಆಡು ಅದುನ್ನ ಕಿತ್ಕಂಡು ತಿಂತಾ ನಿಂತಿತ್ತು.

ಅಷ್ಟೊತ್ತಿಗೆ ಒಂದು ಬೈಕ್ ಬಂತು. ಹಿಂದೆ ತುಂಬು ಬಸ್ರಿ ಕೂತಿದ್ಲು. ನಾನು ಸೀರೆ ಎತ್ತಿ ಕಟ್ಟಿ, ಗುಂಡಿ ಮುಂದೆ ಅಡ್ಡ ನಿಂತ್ಕಂಡೆ.

"ಸಾಯಕ್ಕೆ ನನ್ ಗಾಡೀನೇ ಬೇಕಾ ಅಜ್ಜಿ?" ಅಂದ ಗಾಡಿ ಓಡಿಸ್ತಿದ್ದ ಹುಡ್ಗ.

"ಇಲ್ಲಿ ಗುಂಡಿ ಐತೆ ಕಣಪ್ಪ. ಗುರ್ತಿಗಿದ್ದ ಕೊಂಬೇನ ನಮ್ ಆಡು ತಿಂದ್ಬುಡ್ತು, ಅದುಕ್ಕೆ ನಾನೇ ನಿಂತಿದೀನಿ."

ಅವನು ನನ್ನ ಕೋಲು ಇಸ್ಕಂಡು ನೀರಿಗೆ ಬುಟ್ಟ. ಅರ್ಧ ಕೋಲು ಮುಳುಗ್ತು. ಹೆಂಡ್ತಿ ಮೆಲ್ಲಗೆ ಇಳಿದು, ಬೇಲಿಯಿಂದ ಆಡುಸೋಗೆ ಕೊಂಬೆ ಮುರ್ಕೊಟ್ಟು, "ಇದುನ್ನ ನೆಡಜ್ಜಿ, ಆಡು ಮೂಸೂ ನೋಡಲ್ಲ" ಅಂದ್ಲು.

ಅವ್ರು ಬಿದ್ದಿದ್ರೆ ಜನ ಆಡನ್ನ ಕೇಳ್ತಿರ್ಲಿಲ್ಲ, ನನ್ನ ಕೇಳೋರು. ಗುಂಡಿ ಮುಚ್ಚಬೇಕಾದೋರ್ನ ಅಂತೂ ಯಾರೂ ಕೇಳ್ತಿರ್ಲಿಲ್ಲ. ಈಗ ಮಳೆ ಬಂದ್ರೆ ಮೊದ್ಲು ಆಡನ್ನ ಕಟ್ಟಾಕಿ, ಆಮೇಲೆ ರಸ್ತೆಗೆ ಹೋಗಿ ನೋಡ್ಕಂಡ್ ಬತ್ತೀನಿ. ಆಡುಸೋಗೆ ಹಂಗೇ ಐತೆ. ಗುಂಡೀನೂ ಹಂಗೇ ಐತೆ.