ಮನೆಯವರೂ ಗಿರಾಕಿಗಳಾದದ್ದು

ಬಿ.ಕಾಂ. ಮೊದಲ ವರ್ಷದಲ್ಲಿ ನಮಗೆ ಹೇಳಿಕೊಟ್ಟ ಮೊದಲ ಪಾಠವೇ ಮಾಲೀಕ ಬೇರೆ, ಅವನ ವ್ಯಾಪಾರ ಬೇರೆ ಎಂಬುದು. ಮಾಲೀಕ ತನ್ನ ಅಂಗಡಿಯಿಂದ ಒಂದು ಸಾಬೂನು ಮನೆಗೆ ಒಯ್ದರೂ ಅದನ್ನು ಲೆಕ್ಕಕ್ಕೆ ಹಿಡಿಯಬೇಕಂತೆ. ಕಲಬುರಗಿಯ ಕಾಲೇಜಿನ ಹಿಂದಿನ ಬೆಂಚಿನಲ್ಲಿ ಕೂತಿದ್ದ ನಾವು ಹುಡುಗಿಯರು ನಕ್ಕೆವು. ತನ್ನ ಅಂಗಡಿಯ ಮುಂದೆ ತಾನೇ ಗಿರಾಕಿಯ ಹಾಗೆ ನಿಲ್ಲುವ ಹುಚ್ಚ ಯಾರು? ಪರೀಕ್ಷೆಗೆ ಉರು ಹೊಡೆದೆ, ಒಳ್ಳೆಯ ಅಂಕ ಬಂತು, ಮದುವೆಯಾಯಿತು, ಪಾಠ ಮರೆತೆ.

ಗಂಡನಿಗೆ ಹೈದರಾಬಾದಿನಲ್ಲಿ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ನೌಕರಿ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ನಾನು ಸನತ್‌ನಗರದಲ್ಲಿ ಒಂದು ಮಳಿಗೆ ಹಿಡಿದು ಜೋಳದ ರೊಟ್ಟಿ ಮಾರಲು ಶುರುಮಾಡಿದೆ. ಕಟ್ಟಡದ ಕೆಲಸಕ್ಕೆಂದು ನಮ್ಮ ಕಡೆಯಿಂದ ಬಂದಿದ್ದ ಕುಟುಂಬಗಳ ಇಬ್ಬರು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಪಲ್ಯ, ಡಬ್ಬಿ, ಗಿರಾಕಿ ಎಲ್ಲ ನನ್ನ ಪಾಲು. ಅತ್ತೆಯವರು ಮನೆಯಲ್ಲಿ ಕುಟ್ಟಿಕೊಡುತ್ತಿದ್ದ ಶೇಂಗಾ ಹಿಂಡಿಗಂತೂ, ಅಂದರೆ ಚಟ್ನಿಪುಡಿಗೆ, ಐಟಿ ಹುಡುಗರಿರುವ ಕೊಂಡಾಪುರದ ಹಾಸ್ಟೆಲ್ಲುಗಳವರೆಗೆ ಹೆಸರು. ಹುಬ್ಬಳ್ಳಿ, ವಿಜಯಪುರದ ಕಡೆಯ ಹುಡುಗ ಹುಡುಗಿಯರು ರಜೆಯ ದಿನ ಅಷ್ಟು ದೂರದಿಂದ ಬಂದು ಒಯ್ಯುತ್ತಿದ್ದರು.

ವ್ಯಾಪಾರವೇನೋ ಜೋರು. ಆದರೆ ತಿಂಗಳ ಕೊನೆಗೆ ಮಳಿಗೆಯ ಬಾಡಿಗೆ ಕಟ್ಟಲು ಗಂಡನ ಸಂಬಳಕ್ಕೇ ಕೈಹಾಕಬೇಕು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ನನ್ನ ದುಡಿಮೆ ಎಲ್ಲಿ ಹೋಗುತ್ತಿತ್ತೋ ತಿಳಿಯುತ್ತಿರಲಿಲ್ಲ. ನನ್ನ ಗಂಡ ಕೂಗಾಡುವ ಮನುಷ್ಯರಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತಾಡಿ ಗೆದ್ದುಬಿಡುತ್ತಿದ್ದೆ. ದೀಪಾವಳಿಗೆ ಮಳಿಗೆಯ ಕರಾರು ಮುಗಿಯುತ್ತದೆ, ಅಷ್ಟರೊಳಗೆ ಅಂಗಡಿ ತನ್ನ ಬಾಡಿಗೆ ತಾನು ಕಟ್ಟಿಕೊಳ್ಳದಿದ್ದರೆ ಬಿಟ್ಟುಬಿಡೋಣ ಎಂದು ಮೆತ್ತಗೆ ಹೇಳಿದರು. ನ್ಯಾಯವಾದ ಮಾತು, ಅದಕ್ಕೇ ಮೈಯೆಲ್ಲ ಉರಿಯಿತು. ಆ ಮಳಿಗೆಯ ಬಾಗಿಲು ತೆರೆದಾಗ ಮಾತ್ರ ನಾನು ನಾನಾಗಿರುತ್ತಿದ್ದೆ. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಅಗ್ಗದ ಜೋಳ ತಂದು ನೋಡಿದೆ. ರೊಟ್ಟಿ ಹರಿಯತೊಡಗಿ, ಬಡಿಯುವವರಿಂದ ಬೈಸಿಕೊಂಡೆ. ಬೆಲೆ ಏರಿಸಿದೆ. ಗಿರಾಕಿಗಳ ಮುಖ ಸಣ್ಣದಾಯಿತು, ಮತ್ತೆ ಇಳಿಸಿದೆ.

ಕೊನೆಗೆ ಕಣ್ಣು ತೆರೆಸಿದ್ದು ಒಂದು ಮಧ್ಯಾಹ್ನ. ನಮ್ಮ ಕಡೆಯವರಿಗೆ ಹೈದರಾಬಾದು ಅಂದರೆ ಆಸ್ಪತ್ರೆ. ಯಾರಿಗೆ ದೊಡ್ಡ ಜಡ್ಡಾದರೂ ಇಲ್ಲಿಗೇ ಕರೆತರುವುದು, ಇಲ್ಲಿ ನೆಂಟರಿದ್ದರೆ ಊಟ ಅವರ ಮನೆಯದೇ. ಅಂದು ಗಂಡನ ಸೋದರಮಾವನ ಬೀಗರ ಕಡೆಯವರಾರೋ ದಾಖಲಾಗಿದ್ದರು. ರೋಗಿ ಒಬ್ಬ, ಜೊತೆಗೆ ಬಂದವರು ಒಂದು ಜೀಪು. ಅತ್ತೆಯವರ ಫೋನು ಬಂತು, ನಾನು ರಾಶಿ ರೊಟ್ಟಿ ಕಟ್ಟಿ ಆಟೊದಲ್ಲಿ ಕಳಿಸಿದೆ. ಅದರ ಹಿಂದೆಯೇ ಕೊಂಡಾಪುರದಿಂದ ಬಂದ ಹುಡುಗಿಗೆ ರೊಟ್ಟಿ ಮುಗಿದವು ಎನ್ನಬೇಕಾಯಿತು. ಬೆಳಗಿನಿಂದ ಒಲೆ ಆರಿರಲಿಲ್ಲ, ಅಷ್ಟು ರೊಟ್ಟಿ ಮುಗಿದದ್ದೆಲ್ಲಿ? ಖಾಲಿ ಬುಟ್ಟಿ ನೋಡುತ್ತ ನಿಂತಾಗ ಆ ಹಳೆಯ ಪಾಠ ನೆನಪಾಯಿತು. ಮನೆಯವರ ಊಟ ಅಂಗಡಿಯದು, ನೆಂಟರ ಊಟ ಅಂಗಡಿಯದು. ಗಿರಾಕಿಗಳು ಸ್ಕ್ಯಾನ್ ಮಾಡಿ ಕೊಟ್ಟ ಹಣ ಬೀಳುತ್ತಿದ್ದದ್ದು ಮನೆಯ ಖಾತೆಗೆ. ಹಾಲು, ಕರೆಂಟು, ಮಕ್ಕಳ ಫೀಸು ಎಲ್ಲ ಅದರಿಂದಲೇ. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು, ಬಿ.ಕಾಂ. ಓದಿದ ನಾನು ಬೀಜ ಸರಿಯಿಲ್ಲವೆಂದು ಬೀಜ ಬದಲಿಸುತ್ತಿದ್ದೆ.

ಮರುದಿನವೇ ಬ್ಯಾಂಕಿಗೆ ಹೋಗಿ ಅಂಗಡಿಗೊಂದು ಬೇರೆ ಖಾತೆ ತೆರೆದೆ. ಎಲ್ಲರೂ ಊಟಕ್ಕೆ ಕೂತಾಗ ಹೊಸ ಕಾಯಿದೆ ಓದಿಹೇಳಿದೆ. ಇನ್ನು ಮನೆಗೆ ಬರುವ ರೊಟ್ಟಿಗೆ ಮನೆಯ ಖರ್ಚಿನಿಂದ ಹಣ ಕೊಡಬೇಕು, ಅದೂ ಗಿರಾಕಿಗಳ ದರದಲ್ಲೇ. ನನ್ನ ದುಡಿಮೆಗೆ ಅಂಗಡಿ ನನಗೆ ಸಂಬಳ ಕೊಡುತ್ತದೆ.

ಅತ್ತೆಯವರು ತುತ್ತು ಕೆಳಗಿಟ್ಟರು. "ನಮ್ಮ ಮನಿ ರೊಟ್ಟಿಗಿ ನಾವೇ ರೊಕ್ಕ ಕೊಡೂದೇನು? ದವಾಖಾನಿಗಿ ಬಂದ ಮಂದಿಗಿ ಬಿಲ್ ಹಚ್ತಿ ಏನು ನೀ?"

"ಅವರಿಗಲ್ಲರಿ ಅತ್ತಿ. ಬಿಲ್ ನಿಮ್ಮ ಮಗನಿಗಿ."

ಮಗನಿಗೆ ಗಂಟಲಲ್ಲಿ ರೊಟ್ಟಿ ಸಿಕ್ಕಿಕೊಂಡಿತು. ನೀರು ಕುಡಿದು, ಈ ಜೇಬಿನಿಂದ ಆ ಜೇಬಿಗೆ ಹಾಕಿದರೆ ಬರುವ ಲಾಭವೇನು ಎಂದರು. ಜೇಬು ಎರಡಿದ್ದರೆ ತಾನೆ ಯಾವುದು ಹರಿದಿದೆಯೆಂದು ತಿಳಿಯುವುದು ಎಂದೆ.

ಅತ್ತೆಯವರು ಮಾತು ಬಿಟ್ಟರು, ರೊಟ್ಟಿಯನ್ನೂ ಬಿಟ್ಟು ಅನ್ನ ಉಂಡರು. ಜೋಳ ಉಂಡು ಬೆಳೆದ ಜೀವಕ್ಕೆ ಅದು ಉಪವಾಸವೇ ಎಂದು ಗೊತ್ತಿತ್ತು, ಆದರೂ ನಾನು ಬಗ್ಗಲಿಲ್ಲ. ಆದರೆ ಲೆಕ್ಕ ಅನ್ನುವುದು ಎರಡೂ ಕಡೆಗೆ ಲೆಕ್ಕವೇ. ಮನೆ ಅಂಗಡಿಗೆ ಕೊಡುವುದಾದರೆ ಅಂಗಡಿಯೂ ಮನೆಗೆ ಕೊಡಬೇಕಲ್ಲ? ವಾರದ ಕೊನೆಗೆ ಹಿಂಡಿಯ ಹಣವನ್ನು ಅತ್ತೆಯವರ ಕೈಯಲ್ಲಿಟ್ಟೆ. ಕುಟ್ಟಿದ ಕೈ ನಿಮ್ಮದು, ಅಂಗಡಿ ಪುಕ್ಕಟೆ ತೆಗೆದುಕೊಳ್ಳಬಾರದು ಎಂದೆ. ಅವರು ನೋಟುಗಳನ್ನು ತಿರುಗಿಸಿ ನೋಡಿದರು. ಮದುವೆಯಾಗಿ ಬಂದಾಗಿನಿಂದ ಕುಟ್ಟಿದ್ದಾರೆ, ಬೀಸಿದ್ದಾರೆ. ಅದಕ್ಕೆ ಬೆಲೆಯಿದೆಯೆಂದು ಯಾರೂ ಹೇಳಿರಲಿಲ್ಲ. ಸೆರಗಿನಲ್ಲಿ ಗಂಟು ಹಾಕಿಕೊಂಡರು. ಮರುದಿನ ಬೆಳಿಗ್ಗೆ ಶೇಂಗಾ ತುಟ್ಟಿಯಾಗಿದೆ, ಈ ದರ ತಮಗೆ ಪೂರೈಸುವುದಿಲ್ಲ ಎಂದು ಚೌಕಾಸಿಗೆ ಕೂತರು. ಚೌಕಾಸಿಯಲ್ಲಿ ಸೋತು ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಅಂದು ಮಧ್ಯಾಹ್ನ ರೊಟ್ಟಿ ತರಿಸಿ ಉಂಡರು, ಹಣವನ್ನು ಮಗನಿಂದ ತಾವೇ ವಸೂಲಿ ಮಾಡಿಕೊಟ್ಟರು.

ಆಸ್ಪತ್ರೆಗೆ ಬಂದವರ ಊಟ ಒಂದು ಹೊತ್ತೂ ತಪ್ಪಲಿಲ್ಲ. ಆದರೆ ಮನೆಯ ದುಡ್ಡು ಹೋಗುತ್ತದೆ ಅಂದಾಕ್ಷಣ ಎಷ್ಟು ಜನ, ಎಷ್ಟು ರೊಟ್ಟಿ ಎಂದು ಕೇಳುವ ರೂಢಿ ಬಂತು. ಇರಲಿ ಎಂದು ಕಟ್ಟಿಸುತ್ತಿದ್ದ ಹೆಚ್ಚಿನ ರೊಟ್ಟಿಗಳೆಲ್ಲ ಗಿರಾಕಿಗಳ ಪಾಲಾದವು. ಕೊಂಡಾಪುರದವರನ್ನು ಬರಿಗೈಯಲ್ಲಿ ಕಳಿಸುವುದು ನಿಂತುಹೋಯಿತು.

ದೀಪಾವಳಿಗೆ ಅಂಗಡಿಯ ಪೂಜೆ ಮುಗಿಸಿ ಲೆಕ್ಕ ಒಪ್ಪಿಸಿದೆ. ಬಾಡಿಗೆ, ಜೋಳ, ಗ್ಯಾಸು, ಬಡಿಯುವವರ ಕೂಲಿ, ಅತ್ತೆಯವರ ಹಿಂಡಿ, ನನ್ನ ಸಂಬಳ, ಎಲ್ಲ ಕಳೆದರೂ ಖಾತೆಯಲ್ಲಿ ಹಣ ಉಳಿದಿತ್ತು. ಗಂಡ ಖಾತೆ ತೆರೆದಿದ್ದ ನನ್ನ ಫೋನನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

"ಇಷ್ಟು ದಿನ ಅಂಗಡಿ ನಾ ಸಾಕಾಕತ್ತೀನಿ ಅಂತ ತಿಳ್ಕೊಂಡಿದ್ನಲ್ಲ," ಎಂದರು.

"ಅಂಗಡಿನೇ ನಮ್ಮನ್ನ ಸಾಕಾಕತ್ತಿತ್ರಿ."

ಇನ್ನೂ ಖಾರವಾದ ಮಾತು ನಾಲಿಗೆಯ ತುದಿಯಲ್ಲಿತ್ತು. ಹಬ್ಬದ ದಿನವೆಂದು ಬಿಟ್ಟೆ.

ಹಬ್ಬ ಮುಗಿದ ಮೇಲೆ ಮಳಿಗೆಯ ಮಾಲೀಕರು ಹೊಸ ಕರಾರು ಹಿಡಿದುಕೊಂಡು ಮನೆಗೆ ಬಂದರು. ತೆಲುಗಿನವರು, ಒಳ್ಳೆಯ ಮನುಷ್ಯ. ಎಂದಿನಂತೆ ಕಾಗದವನ್ನು ನನ್ನ ಗಂಡನ ಮುಂದಿಟ್ಟರು, ಗಂಡನೂ ಪೆನ್ನು ತೆಗೆದರು. ಒಳಗಿನಿಂದ ಬಂದ ಅತ್ತೆಯವರು ತಮ್ಮ ಕಲಬುರಗಿಯ ದಖ್ಖನಿ ಉರ್ದುವಿನಲ್ಲೇ ಮಾಲೀಕರನ್ನು ತಡೆದರು. ಬಾಡಿಗೆ ಕಟ್ಟುವವಳು ಸೊಸೆ, ಅಂದಮೇಲೆ ಕರಾರಿನಲ್ಲಿ ಮಗನ ಹೆಸರು ಯಾಕೆ ಎಂಬುದು ಅವರ ಪ್ರಶ್ನೆ. ಮಾಲೀಕರು ನನ್ನ ಗಂಡನ ಮುಖ ನೋಡಿದರು. ಗಂಡ ಪೆನ್ನನ್ನು ನನ್ನ ಕಡೆ ಚಾಚಿದರು.

ನಗು ತಡೆಯಲಾಗಲಿಲ್ಲ. ನನ್ನ ಪೂರ್ತಿ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದೆ. ಮಾಲೀಕರು ಹೆಚ್ಚಿಗೆ ಕೇಳಿದ್ದ ಅಡ್ವಾನ್ಸನ್ನು ಅಂಗಡಿಯ ಖಾತೆಯಿಂದ ಅಲ್ಲೇ ಕಳಿಸಿದೆ. ಆಮೇಲೆ ಕಾಗದವನ್ನು ಗಂಡನ ಕಡೆ ಸರಿಸಿ, ಸಾಕ್ಷಿ ಎಂದು ಬರೆದಿದ್ದ ಜಾಗ ತೋರಿಸಿ, ಇಲ್ಲಿ ನೀವು ಸಹಿ ಹಾಕಿ ಎಂದೆ.