ಕಡೂರಿಗೆ ಹೆಣ್ಣು ನೋಡಲು ಹೋದದ್ದು

ಭಾನುವಾರ ಬೆಳಿಗ್ಗೆ ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಿ ತರೀಕೆರೆ ಬಸ್ಸಿಗೆ ಕಾಯುತ್ತಾ, ವಾಪಸ್ಸು ಮನೆಗೆ ಹೊರಟು ಮತ್ತೆ ಬಂದು ನಿಂತೆ. ಚೀಲದಲ್ಲಿ ಹಸಿರು ರೇಷ್ಮೆ ಸೀರೆ ಇತ್ತು. ಲೋಕೇಶ ಕಡೂರಿನಲ್ಲಿ ನೋಡಲಿದ್ದ ಹುಡುಗಿಗೆಂದು ಅದನ್ನು ಆರಿಸಿದವಳು ನಾನೇ. ಲೋಕೇಶನನ್ನು ವರ್ಷಗಟ್ಟಲೆ ಪ್ರೀತಿಸಿದವಳೂ ನಾನೇ. ಇಂಥ ಬುದ್ಧಿವಂತೆ ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬಳು ಇರಲಾರಳು.

ಅವನಿಗೆ ತರೀಕೆರೆಯಲ್ಲಿ ಮೋಟಾರ್ ರಿಪೇರಿ ಅಂಗಡಿ, ನನಗೆ ಅಜ್ಜಂಪುರದಲ್ಲಿ ಹೊಲಿಗೆ ಅಂಗಡಿ. ಅಪ್ಪ ತೀರಿಕೊಂಡ ಮೇಲೆ, ತಂಗಿಯರಿಬ್ಬರ ಮದುವೆಯಾಗುವ ತನಕ ಕಾಯಿ ಅಂದೆ, ಕಾದ. ಆಮೇಲೆ ಅಮ್ಮನಿಗೆ ಮಂಡಿನೋವು ಶುರುವಾಯಿತು. ಇನ್ನು ಕಾಯಬೇಡ, ಬೇರೆ ಕಡೆ ನೋಡಿಕೋ ಅಂದೆ. ಅವನು ಸಿಟ್ಟಿನಿಂದ ಮಾತು ಬಿಟ್ಟ. ಕೊನೆಗೆ ಹೆಣ್ಣು ನೋಡಲು ತಾಯಿ ಗಂಗಮ್ಮನಿಗೆ ಹೂಂ ಅಂದ. ಗಂಗಮ್ಮನಿಗೆ ನಮ್ಮ ವಿಷಯ ಗೊತ್ತಿರಲಿಲ್ಲ. ಬಟ್ಟೆಬರೆಯ ವಿಷಯದಲ್ಲಿ ನನ್ನನ್ನು ಬಲು ನಂಬಿದವರು ಸೀರೆ ತರಿಸಿದ್ದಲ್ಲದೆ ಜೊತೆಗೂ ಕರೆದರು. ಇಲ್ಲ ಅನ್ನುವ ಅಭ್ಯಾಸ ನನಗಿರಲಿಲ್ಲ.

ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ್ದರಿಂದ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಸೀರೆ ಮುದುಡೀತೆಂದು ಚೀಲವನ್ನು ಎದೆಗೊತ್ತಿಕೊಂಡು ತರೀಕೆರೆವರೆಗೂ ನಿಂತೇ ಹೋದೆ. ಅಲ್ಲಿ ಗಂಗಮ್ಮ, ಲೋಕೇಶ ನನಗಾಗಿ ಕಾಯುತ್ತಿದ್ದರು. ಸ್ಟ್ಯಾಂಡಿನ ಹೋಟೆಲಿನಲ್ಲಿ ಮೂವರೂ ಇಡ್ಲಿ ತಿಂದೆವು. ಲೋಕೇಶ ತಟ್ಟೆಯಿಂದ ತಲೆ ಎತ್ತಲಿಲ್ಲ.

ಕಡೂರು ಬಸ್ಸಿನಲ್ಲಿ ಸೀಟು ಸಿಕ್ಕಿತು. ಬೀರೂರು ದಾಟುವಾಗ ಬಿಸಿಲು ಚುರುಗುಟ್ಟುತ್ತಿತ್ತು. ಹುಡುಗಿ ಬಿ.ಎಡ್. ಮಾಡಿದ್ದಾಳೆ, ಅಡುಗೆಯೂ ಬರುತ್ತದೆ ಎಂದು ಗಂಗಮ್ಮ ದಾರಿಯುದ್ದಕ್ಕೂ ಹೇಳಿದರು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಹೊಟ್ಟೆಯೊಳಗೆ ಉರಿ, ಸುಳ್ಳೇಕೆ ಹೇಳಲಿ. ಬಸ್ಸು ಎಲ್ಲಾದರೂ ಕೆಟ್ಟು ನಿಲ್ಲಲಿ ಅಂದುಕೊಂಡೆ. ಅದು ಎಂದಿಗಿಂತ ಬೇಗನೆ ಕಡೂರು ತಲುಪಿತು.

ಹುಡುಗಿಯ ಸೋದರಮಾವ ಆಟೋ ಹಿಡಿದು ಕಾಯುತ್ತಿದ್ದರು. ಗಂಗಮ್ಮನಿಗೆ ಕೈಮುಗಿದು, ಲೋಕೇಶನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನನ್ನ ಕಡೆ ತಿರುಗಿದರು.

"ಇವ್ರು ಹುಡುಗನಿಗೆ ಏನಾಗ್ಬೇಕು?"

ನೆಂಟಸ್ತಿಕೆ ತಿಳಿಯಲು ಎಲ್ಲರೂ ಕೇಳುವ ಮಾತು ಅದು. ಗುರುತಿನವಳು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಏನಾಗಬೇಕು ಎಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

"ಹೆಂಡ್ತಿ ಆಗ್ಬೇಕು," ಅಂದೆ.

ಗಂಗಮ್ಮ ಅಲ್ಲೇ ಬೆಂಚಿನ ಮೇಲೆ ಕುಸಿದರು. ಸೋದರಮಾವ ಲೋಕೇಶನ ಮುಖ ನೋಡಿದರು. ಅವನು ಅಲ್ಲ ಅನ್ನಲಿಲ್ಲ. ಹುಡುಗಿಯನ್ನು ಮುಂದೆ ಕೂರಿಸುವ ಮೊದಲೇ ಹೇಳಿದಿರಲ್ಲ, ಅಷ್ಟು ಸಾಕು ಎಂದು ಬಿಗಿಯಾಗಿ ನುಡಿದು, ಮನೆಗೆ ಫೋನ್ ಮಾಡುತ್ತಾ ಆಟೋ ಹತ್ತಿದರು. ಆ ಹುಡುಗಿ ಹೂ ಮುಡಿದು ಕಾಯುತ್ತಿರುತ್ತಾಳೆಂದು ನೆನೆದು ನಾಚಿಕೆಯಾಯಿತು. ಆಡಿದ ಮಾತಿಗೆ ಮಾತ್ರ ನಾಚಿಕೆಯಾಗಲಿಲ್ಲ.

ಗಂಗಮ್ಮ ನನ್ನ ಕೈಯಿಂದ ಚೀಲ ಕಿತ್ತುಕೊಂಡು ತರೀಕೆರೆ ಬಸ್ಸು ಹತ್ತಿ ಕೂತರು. ನಾನು ಅಜ್ಜಂಪುರದ ಬಸ್ಸು ಹತ್ತಿದೆ. ಲೋಕೇಶ ನನ್ನ ಕಿಟಕಿಯ ಹತ್ತಿರ ಬಂದ.

"ಅವ್ವನ್ನ ಸಮಾಧಾನ ಮಾಡ್ಬೇಕು ಕಣೇ. ಮುಂದಿನ ತಿಂಗ್ಳು ನಿಮ್ಮನೆಗೆ ಬಂದು ಕೇಳ್ತೀನಿ."

ಆಗಲಿ ಅನ್ನಲು ಬಾಯಿ ತೆರೆದಿದ್ದೆ. ಮನಸ್ಸು ಒಪ್ಪಲಿಲ್ಲ.

"ಮುಂದಿನ ತಿಂಗ್ಳು ಬ್ಯಾಡ. ನಾಳೆ ಬಾ."

ಬಸ್ಸು ಹೊರಟಿತು. ತಿರುಗಿ ನೋಡಿದರೆ ಅವನು ತರೀಕೆರೆ ಬಸ್ಸಿನ ಬಾಗಿಲಲ್ಲಿ ನಿಂತು ನಗುತ್ತಿದ್ದ. ಗಂಗಮ್ಮ ಒಳಗಿನಿಂದ ಅವನ ಅಂಗಿ ಹಿಡಿದು ಎಳೆಯುತ್ತಿದ್ದರು.