ಕಾವು ಆರದ ಪಾತ್ರೆ

ಎಪ್ಪತ್ತರ ದಶಕದಲ್ಲಿ ಇಂಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಫಿಟರ್ ಆಗಿದ್ದೆ. ಕಬ್ಬಿನ ಹಾಲು ಕುದಿಸುವ ದೊಡ್ಡ ಪಾತ್ರೆಯ ಕೊಳವೆಗಳಲ್ಲಿ ಕಲ್ಲಿನಂಥ ಕಿಟ್ಟ ಕಟ್ಟುತ್ತಿತ್ತು. ಆಗಾಗ ಕಾರ್ಖಾನೆ ನಿಲ್ಲಿಸಿ ಅದನ್ನು ಕೆರೆಯಬೇಕು. ಆ ಸುಗ್ಗಿಯಲ್ಲಿ ಕಬ್ಬು ಹೆಚ್ಚು ಬಂದಿತೆಂದು ಮ್ಯಾನೇಜರು ಆ ಕೆಲಸ ಮುಂದೂಡುತ್ತಲೇ ಹೋದರು. ಕೊನೆಗೆ ಕೊಳವೆಗಳೇ ಮುಚ್ಚಿಹೋಗಿ ಕಾರ್ಖಾನೆ ನಿಂತಿತು.

ಪಾತ್ರೆಯೊಳಗೆ ಇಳಿಯಬೇಕಾದವನು ಲಚ್ಯಾಣದ ನನ್ನ ಗೆಳೆಯ. “ಇನ್ನೂ ಕಾವು ಐತ್ರೀ ಸಾಹೇಬ್ರ, ನಾಳಿ ಇಳಿತೇನ್ರಿ,” ಎಂದ.

“ಸಂಜಿಕಿ ಕಾರ್ಖಾನಿ ಚಾಲೂ ಆಗಬೇಕು. ಇಳಿಯೋ,” ಎಂದರು ಮ್ಯಾನೇಜರು.

ಅವನು ಇಳಿದು ಸಲಾಕೆ ಹೊಡೆದೊಡನೆ, ಕಿಟ್ಟದ ಕೆಳಗೆ ಸಿಕ್ಕಿಕೊಂಡಿದ್ದ ಕುದಿನೀರು ಎದೆಗೆ ಚಿಮ್ಮಿತು. ನಾವು ಮೇಲೆಳೆದಾಗ ಅಂಗಿಯೊಂದಿಗೆ ಚರ್ಮವೂ ಕಿತ್ತುಬಂತು. ವಿಜಾಪುರದ ದವಾಖಾನೆಯಲ್ಲಿ ಅದೇ ರಾತ್ರಿ ಅವನು ತೀರಿಕೊಂಡ.

ಮರುದಿನ ಮಣ್ಣು ಮಾಡಿ ಬಂದಾಗಲೂ ಪಾತ್ರೆಯಲ್ಲಿ ಕಾವು ಇತ್ತು; ನಾವ್ಯಾರೂ ಒಳಗಿಳಿಯಲಿಲ್ಲ. ಪಾತ್ರೆ ಪೂರ್ತಿ ತಣ್ಣಗಾಗುವವರೆಗೆ ಅದರ ಸುತ್ತ ಕೂತೆವು. ಮ್ಯಾನೇಜರು ಎರಡು ಸಲ ಬಂದು ನೋಡಿ ಹೋದರು.